ಮೀನಿನ ತೊಟ್ಟಿಗೆ ಕೈ ಹಾಕುವ ಮುನ್ನ: ಕೈಗವಸಿನ ಸಮಗ್ರ ಮಾರ್ಗದರ್ಶಿ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಕೈ ಬಿರಿಯದವರು ಕಡಿಮೆ. ಸಿದ್ಧೇಶ್ವರ ಜಾತ್ರೆಯ ದಿನಗಳ ಒಣ ಚಳಿಗಾಳಿ ಒಂದು ಕಡೆ, ಕೊಳವೆಬಾವಿಯ ಸವಳು ನೀರು ಇನ್ನೊಂದು ಕಡೆ. ಬೆರಳ ಗೆಣ್ಣುಗಳ ಮೇಲೆ ಕೂದಲೆಳೆಯಂಥ ಬಿರುಕುಗಳು ಬಿದ್ದಿರುತ್ತವೆ, ನೋಡಿದರೆ ಕಾಣುವುದಿಲ್ಲ. ಅಂಥದೇ ಒಂದು ಜನವರಿಯಲ್ಲಿ ನಾನು ಬರಿಗೈಯಲ್ಲಿ ಮೀನಿನ ತೊಟ್ಟಿ ತೊಳೆಯುತ್ತಿದ್ದೆ. ಒಳಗಿಟ್ಟಿದ್ದ ಗುಹೆಯಾಕಾರದ ಕಲ್ಲಿನ ಒಡಕು ಅಂಚು ಬಲಗೈ ತೋರುಬೆರಳಿನ ಗೆಣ್ಣನ್ನು ತರಚಿತು. ಎರಡು ಹನಿ ರಕ್ತ ಬಂದಿರಬೇಕು. ಎರಡು ದಿನದಲ್ಲಿ ಮಾಯ್ದಿತು, ಮರೆತೂ ಹೋಯಿತು.

ಮೂರು ವಾರದ ಮೇಲೆ ಅದೇ ಜಾಗದಲ್ಲಿ ತೊಗರಿ ಕಾಳಿನಷ್ಟು ಗಂಟು ಎದ್ದಿತು. ಕೆಂಪೂ ಅಲ್ಲ, ನೇರಳೆಯೂ ಅಲ್ಲದ ಬಣ್ಣ, ನೋವಿಲ್ಲ, ಕೀವಿಲ್ಲ. ಅರಿಸಿನ ಹಚ್ಚಿದೆ, ಅಂಗಡಿಯ ಮುಲಾಮು ಹಚ್ಚಿದೆ. ತೊಗರಿ ಕಡಲೆಯಾಯಿತು, ಆಮೇಲೆ ಮುಂಗೈ ಮೇಲೆ ಇನ್ನೊಂದು ಕಾಣಿಸಿತು. ನಾಲ್ಕನೆಯ ತಿಂಗಳಲ್ಲಿ ಚರ್ಮರೋಗದ ವೈದ್ಯರೊಬ್ಬರು ಗಂಟನ್ನು ಬೆರಳಿನಿಂದ ಉರುಳಿಸಿ ನೋಡಿ, “ಮನೆಯಲ್ಲಿ ಮೀನು ಸಾಕಿದ್ದೀರಾ?” ಎಂದು ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕಾರಣವಾಗಿದ್ದು ಮೈಕೋಬ್ಯಾಕ್ಟೀರಿಯಂ ಮರಿನಮ್ ಎಂಬ ಸೂಕ್ಷ್ಮಾಣು. ಕ್ಷಯದ ಸೂಕ್ಷ್ಮಾಣುವಿನ ದಾಯಾದಿ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸತ್ತ ಮೀನುಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಮನುಷ್ಯರ ಚರ್ಮಕ್ಕೂ ತಗಲುತ್ತದೆ ಎಂಬುದು 1951ರಲ್ಲಿ ಸ್ವೀಡನ್ನಿನ ಈಜುಕೊಳವೊಂದರಿಂದ ಖಚಿತವಾಯಿತು. ಇದು ಸೊಂಪಾಗಿ ಬೆಳೆಯುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮೈಯ ಒಳಗಿನ 37 ಡಿಗ್ರಿಗಿಂತ ತಣ್ಣಗಿರುವ ಕೈಬೆರಳುಗಳಲ್ಲಿ. ಅಪರೂಪದ ಕಾಯಿಲೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಗಾಬರಿ ಬೇಡ. ಆದರೆ ಬಂದರೆ ವಾರದ ಮಾತ್ರೆಗೆ ಹೋಗುವುದಿಲ್ಲ, ತಿಂಗಳುಗಟ್ಟಲೆ ನುಂಗಬೇಕು. ನಾನು ನುಂಗಿದ್ದೇನೆ.

ಅಂದಿನಿಂದ ಕೈಗವಸಿಲ್ಲದೆ ತೊಟ್ಟಿ ಮುಟ್ಟಿಲ್ಲ. ಆದರೆ ಕೈಗವಸು ಹಾಕಿಕೊಂಡೂ ಮೊದಲ ಒಂದು ವರ್ಷ ತಪ್ಪನ್ನೇ ಮಾಡುತ್ತಿದ್ದೆ, ಅದಕ್ಕೇ ಈ ಬರಹ ಇಷ್ಟುದ್ದವಾಗಿದೆ. ನೀರು ಒಳಹೊಕ್ಕ ಕೈಗವಸು ಬರಿಗೈಗಿಂತ ಕೆಟ್ಟದ್ದು. ಬರಿಗೈಯವನು ಆಗಾಗ ಕೈ ತೆಗೆದು ಒರೆಸಿಕೊಳ್ಳುತ್ತಾನೆ. ನೀರು ತುಂಬಿದ ಕೈಗವಸಿನವನ ಬೆರಳುಗಳು ಅರ್ಧ ಗಂಟೆ ಬೆಚ್ಚಗಿನ ತೊಟ್ಟಿನೀರಿನಲ್ಲೇ ನೆನೆಯುತ್ತವೆ, ಚರ್ಮ ಮೆತ್ತಗಾಗಿ ಬಿರುಕು ಬಾಯಿ ಬಿಡುತ್ತದೆ. ಮುಂದಿನ ಹಂತಗಳೆಲ್ಲ ಹೆಚ್ಚುಕಡಿಮೆ ಆ ನೀರನ್ನು ಹೊರಗಿಡುವ ಕಸರತ್ತು.

ಹಂತ 1: ಅಳತೆ ತೆಗೆಯಿರಿ, ಆಮೇಲೆ ಅಂಗಡಿಗೆ ಹೋಗಿ

ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ, ಸುಮಾರು 45 ಸೆಂಟಿಮೀಟರ್. ಔಷಧ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಾಮಾನ್ಯ ಕೈಗವಸಿನ ಉದ್ದ ಸುಮಾರು 24 ಸೆಂಟಿಮೀಟರ್, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಮುಗಿಯುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಸುಮಾರು 30. ಈಗ ನಿಮ್ಮ ತೊಟ್ಟಿಯ ಪಕ್ಕದಲ್ಲಿ ಸ್ಕೇಲು ಹಿಡಿಯಿರಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸುಮಾರು 56 ಲೀಟರಿನದು. ತಳದ ಹರಳುಕಲ್ಲು ಕಳೆದರೆ ನೀರಿನ ಆಳ 22ರಿಂದ 25 ಸೆಂಟಿಮೀಟರ್. ಕೈಯನ್ನು ನೆಟ್ಟಗೆ ಇಳಿಸಿದರೆ ರಬ್ಬರ್ ಕೈಗವಸು ಸಾಕು. ಆದರೆ ಹಿಂಬದಿಯ ಮೂಲೆಗೆ ಯಾರೂ ನೆಟ್ಟಗೆ ಕೈ ಇಳಿಸುವುದಿಲ್ಲ, ಓರೆಯಾಗಿ ಚಾಚುತ್ತಾರೆ. ಓರೆ ಚಾಚಿದ ಕೈಯ ಮುಳುಗುವ ಭಾಗ ಆಳಕ್ಕಿಂತ ಹೆಚ್ಚು. ಅಲ್ಲಿಯೇ ನೀರು ಒಳನುಗ್ಗುವುದು.

ಮೂರು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ತೊಟ್ಟಿಯಾದರೆ ಮೊಳಕ್ಕಿಂತ ಉದ್ದನೆಯದು ಬೇಕೇ ಬೇಕು. ಅಕ್ವೇರಿಯಂ ಕೆಲಸಕ್ಕೆಂದೇ ಬರುವ ತೋಳುದ್ದದ ಕೈಗವಸುಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಅಷ್ಟು ಹಣ ಹಾಕಲು ಮನಸ್ಸಿಲ್ಲದವರಿಗೆ ನಮ್ಮ ಕಡೆಯ ಉಪಾಯವೊಂದಿದೆ: ಜಾನುವಾರು ಔಷಧದ ಅಂಗಡಿಯಲ್ಲಿ ವಿಚಾರಿಸಿ. ಆಕಳು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವಾಗ ಪಶುವೈದ್ಯರು ಹಾಕಿಕೊಳ್ಳುವ ತೆಳು ಪ್ಲಾಸ್ಟಿಕ್ಕಿನ ಕೈಗವಸು ಭುಜದವರೆಗೆ ಬರುತ್ತದೆ. ತುಂಬ ಸಡಿಲ, ಬೆರಳಿಗೆ ಹಿಡಿತವಿಲ್ಲ. ಅದರ ಮೇಲೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಒಂದು ಕೈಗವಸು ಏರಿಸಿದರೆ ಹಿಡಿತವೂ ಬರುತ್ತದೆ, ಉದ್ದವೂ ಸಿಗುತ್ತದೆ. ಒಮ್ಮೆ ಬಳಸಿ ಎಸೆಯುವ ವಸ್ತು. ಮೊದಲ ಸಲ ಕೇಳಿದಾಗ ಅಂಗಡಿಯವರು “ಎಷ್ಟು ಆಕಳು ಸಾಕಿದ್ದೀರಿ?” ಎಂದು ವಿಚಾರಿಸಿದರು, ಗೋಲ್ಡ್‌ಫಿಶ್ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹಂತ 2: ಯಾವ ರಬ್ಬರು, ಯಾವ ಕೆಲಸಕ್ಕೆ

ನನ್ನ ಆಯ್ಕೆ ಪುಡಿಯಿಲ್ಲದ ನೈಟ್ರೈಲ್. ಲೇಟೆಕ್ಸ್, ಅಂದರೆ ಮರದ ಹಾಲಿನ ರಬ್ಬರು, ಕೆಲವರ ಮೈಗೆ ಒಗ್ಗುವುದಿಲ್ಲ, ತುರಿಕೆ ದದ್ದು ಏಳುತ್ತದೆ. ಅದರ ಇನ್ನೊಂದು ದೋಷ ಚಳಿಗಾಲದಲ್ಲಿ ಕಾಣಿಸುತ್ತದೆ: ಬಿರಿದ ಕೈಗೆ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಿಕೊಂಡು ಮೇಲೆ ಲೇಟೆಕ್ಸ್ ಹಾಕಿದರೆ ಎಣ್ಣೆ ಆ ರಬ್ಬರನ್ನು ದುರ್ಬಲಗೊಳಿಸುತ್ತದೆ, ಬೆರಳ ಸಂದಿನಲ್ಲಿ ಸದ್ದಿಲ್ಲದೆ ಹರಿಯುತ್ತದೆ. ನೈಟ್ರೈಲ್ ಎಣ್ಣೆಗೆ ಜಗ್ಗುವುದಿಲ್ಲ. ಒಳಗೆ ಪುಡಿ ಬಳಿದ ಕೈಗವಸು ಬೇಡ, ಆ ಪುಡಿ ತೊಟ್ಟಿಗೆ ಹೋಗುತ್ತದೆ. ಸುಗಂಧ ಅಥವಾ ಸೂಕ್ಷ್ಮಾಣು ನಿರೋಧಕ ಲೇಪನವಿರುವ ಅಡುಗೆಮನೆಯ ಕೈಗವಸುಗಳೂ ಬೇಡ.

ನೈಟ್ರೈಲ್ ತೆಳ್ಳಗೆ, ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ನೀರು ತಡೆಯುತ್ತದೆ, ಮುಳ್ಳು ತಡೆಯುವುದಿಲ್ಲ. ಕ್ಯಾಟ್‌ಫಿಶ್ ಜಾತಿಯ ಮೀನುಗಳ ಎದೆ ಮತ್ತು ಬೆನ್ನಿನ ರೆಕ್ಕೆಯಲ್ಲಿ ಗಡಸು ಮುಳ್ಳಿರುತ್ತದೆ, ನಮ್ಮ ಹಳ್ಳಗಳ ಚೇಳುಮೀನಿನ ಮುಳ್ಳಿನಲ್ಲಂತೂ ಹೆಸರಿಗೆ ತಕ್ಕ ನಂಜಿದೆ. ಇವುಗಳನ್ನು ಯಾವ ಕೈಗವಸು ಹಾಕಿಕೊಂಡೂ ಕೈಯಲ್ಲಿ ಹಿಡಿಯಬೇಡಿ. ಜಾಳಿಗೆ ಹಾಕಿದರೆ ಜಾಳಿಗೆಯ ನೂಲಿಗೇ ಮುಳ್ಳು ಸಿಕ್ಕಿಬೀಳುತ್ತದೆ, ಆದ್ದರಿಂದ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಉತ್ತಮ. ಫ್ಲವರ್‌ಹಾರ್ನ್ ಸಾಕಿದವರಿಗೆ ಹೇಳಬೇಕಾಗಿಲ್ಲ, ಅದು ಕೈ ಕಂಡರೆ ಮೇಲೇರಿ ಬರುತ್ತದೆ. ಅದಕ್ಕೆ ದಪ್ಪ ರಬ್ಬರಿನದೇ ಬೇಕು. ಬ್ಲೇಡಿನಿಂದ ಗಾಜು ಕೆರೆಯುವಾಗಲೂ ಅಷ್ಟೆ.

ಔಷಧಿ ಅಳೆಯುವ ಕೆಲಸಕ್ಕೆ ಮತ್ತೆ ನೈಟ್ರೈಲ್. ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರಳನ್ನು ಕಂದಾಗಿಸುತ್ತದೆ, ಮೆಥಿಲೀನ್ ಬ್ಲೂ ಮದುವೆ ಮನೆಯಲ್ಲಿ ಮುಜುಗರ ಮಾಡುವಷ್ಟು ನೀಲಿಯಾಗಿಸುತ್ತದೆ. ಅವು ಬಣ್ಣದ ಮಾತಾಯಿತು. ಫಾರ್ಮಲಿನ್ ಮತ್ತು ಜಲಸಸ್ಯಗಳಿಗೆ ದ್ರವ ಇಂಗಾಲವೆಂದು ಮಾರುವ ಗ್ಲುಟರಾಲ್ಡಿಹೈಡ್ ಎರಡೂ ಚರ್ಮಕ್ಕೆ, ಉಸಿರಿಗೆ ನಿಜವಾಗಿಯೂ ಕೆಟ್ಟವು. ಕಿಟಕಿ ತೆರೆದಿಟ್ಟು, ಕೈಗವಸು ಹಾಕಿಯೇ ಮುಚ್ಚಳ ಬಿಚ್ಚಿ.

ಹಂತ 3: ಕೈ ಪರೀಕ್ಷೆ

ಇಂಡಿ ನಿಂಬೆ ಜಿಲ್ಲೆಯ ಹೆಮ್ಮೆ. ಅದರ ಅರ್ಧ ಹೋಳನ್ನು ಹಿಂಡಿ ಎರಡೂ ಕೈಗೆ, ಗೆಣ್ಣು, ಉಗುರುಸಂದುಗಳಿಗೆ ಸವರಿಕೊಳ್ಳಿ. ಚುರ್ ಎಂದ ಕಡೆ ಬಿರುಕಿದೆ ಎಂದರ್ಥ. ಕಣ್ಣಿಗೆ ಕಾಣದ್ದನ್ನು ನಿಂಬೆ ತೋರಿಸುತ್ತದೆ, ಭಜಿಗೆ ಮೆಣಸಿನಕಾಯಿ ಸೀಳಿದವರಿಗೆಲ್ಲ ಈ ವಿದ್ಯೆ ಗೊತ್ತು. ಕೂಡಲೇ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ. ಸಣ್ಣ ಬಿರುಕಿದ್ದರೆ ನೀರು ಹೋಗದ ಪಟ್ಟಿ ಅಂಟಿಸಿ, ಮೇಲೆ ಕೈಗವಸು. ಬಾಯ್ದೆರೆದ ಗಾಯವಿದ್ದರೆ ಅಂದು ತೊಟ್ಟಿ ಮುಟ್ಟಬೇಡಿ. ಪಾಚಿ ಇನ್ನೊಂದು ವಾರ ಕಾಯುತ್ತದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿರುವವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಒಳ್ಳೆಯದು. ಐದು ವರ್ಷದೊಳಗಿನ ಮಕ್ಕಳಿಗೆ ಮೀನು ನೋಡುವ ಕೆಲಸ ಮಾತ್ರ.

ಉಂಗುರ ತೆಗೆಯಿರಿ, ಉಗುರು ಕತ್ತರಿಸಿ. ಗಾಜಿನ ಬಳೆ ತೆಗೆಯಲು ಒಪ್ಪದ ಹೆಣ್ಣುಮಕ್ಕಳು ಬಳೆಗಳ ಮೇಲೆ ಮೆತ್ತನೆಯ ಬಟ್ಟೆ ಸುತ್ತಿ, ಬಿಗಿ ಕೈಗವಸಿನ ಬದಲು ಭುಜದುದ್ದದ ಸಡಿಲ ಕೈಗವಸು ಹಾಕಿಕೊಳ್ಳಬಹುದು. ನಮ್ಮ ಮನೆಯಲ್ಲಿ ಹಾಗೆಯೇ ನಡೆಯುತ್ತದೆ.

ಕೈಗವಸು ಮೀನುಗಳನ್ನೂ ನಮ್ಮಿಂದ ಕಾಪಾಡುತ್ತದೆ, ಈ ಕಡೆ ಯಾರೂ ಯೋಚಿಸುವುದಿಲ್ಲ. ನನ್ನ ಭಾವನವರದು ತಿಕೋಟಾ ಕಡೆ ದ್ರಾಕ್ಷಿ ತೋಟ. ಒಂದು ಸಂಜೆ ತೋಟದಿಂದ ನೇರವಾಗಿ ಬಂದವರು, ಮಾತನಾಡುತ್ತ ಆಡುತ್ತ ನನ್ನ ಸಿಗಡಿ ತೊಟ್ಟಿಯಲ್ಲಿ ಬಿದ್ದಿದ್ದ ಗಿಡವನ್ನು ಎತ್ತಿ ನೆಟ್ಟರು. ಅಂದು ಬಳ್ಳಿಗಳಿಗೆ ಹೊಡೆದದ್ದು ಬೋರ್ಡೋ ದ್ರಾವಣ: ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ; ಸಿಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ಬೆಳಿಗ್ಗೆ ನೋಡಿದರೆ ಸಿಗಡಿಗಳು ಮಗುಚಿ ಬಿದ್ದಿದ್ದವು. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ಮೀನುಗಳಿಗೂ ಹಾಗೆಯೇ, ಎಳ್ಳಷ್ಟು ಸಾಕು. ಸೊಳ್ಳೆ ಮುಲಾಮು ಹಚ್ಚಿದ ಕೈಯನ್ನೂ ತೊಟ್ಟಿಗೆ ಹಾಕಬೇಡಿ.

ಹಂತ 4: ತೂತಿನ ತಪಾಸಣೆ

ಹೊಸದಾಗಲಿ ಹಳೆಯದಾಗಲಿ ಪ್ರತಿ ಸಲ ಇದನ್ನು ಮಾಡಿ, ಅರ್ಧ ನಿಮಿಷದ ಕೆಲಸ. ಕೈಗವಸಿನ ಬಾಯನ್ನು ಗಾಳಿಯಲ್ಲಿ ಬೀಸಿ ಹಿಡಿದು ತಟ್ಟನೆ ತಿರುಚಿ ಮುಚ್ಚಿ. ಒಳಗೆ ಗಾಳಿ ಸಿಕ್ಕಿ ಪುಗ್ಗದಂತೆ ಉಬ್ಬುತ್ತದೆ. ಬಾಯಿಯಿಂದ ಊದಬೇಡಿ, ಹಿಂದಿನ ವಾರದ ನೀರು ಅದರಲ್ಲಿರುತ್ತದೆ. ಉಬ್ಬಿದ್ದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಬೆರಳುಗಳನ್ನು ಒಂದೊಂದಾಗಿ ಒತ್ತಿ. ಗುಳ್ಳೆಯ ಸರ ಎದ್ದರೆ ಅಲ್ಲಿ ತೂತು. ನನ್ನ ಅನುಭವದಲ್ಲಿ ತೂತು ಬೀಳುವ ಜಾಗ ಮೂರು: ಬಲಗೈ ತೋರುಬೆರಳಿನ ತುದಿ, ಹೆಬ್ಬೆರಳಿನ ಬುಡ, ಮಡಚಿಟ್ಟ ಕಡೆಯ ಗೆರೆ. ತೂತಾದದ್ದನ್ನು ಅಂಟು ಹಾಕಿ ಉಳಿಸುವ ಜಿಪುಣತನ ಬೇಡ.

ಹಂತ 5: ಮೊದಲು ಸ್ವಿಚ್ಚು, ಆಮೇಲೆ ಕೈ

ರಬ್ಬರ್ ಕೈಗವಸು ಹಾಕಿದ್ದೇನೆ, ಕರೆಂಟು ಹೊಡೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅದು ತಪ್ಪು. ಇವು ವಿದ್ಯುತ್ ಕೆಲಸದ ಕೈಗವಸುಗಳಲ್ಲ. ಒಂದು ಸೂಜಿತೂತು, ಒದ್ದೆ ತೋಳು ಸಾಕು. ಫಿಲ್ಟರ್, ಹೀಟರ್, ದೀಪ, ಗಾಳಿ ಪಂಪು ಎಲ್ಲದರ ಪ್ಲಗ್ಗನ್ನು ಒಣ ಕೈಯಿಂದ ಕಿತ್ತಿಡಿ. ಹೀಟರ್ ಆರಿಸಿ 15 ನಿಮಿಷವಾದರೂ ಬಿಟ್ಟ ಮೇಲೆಯೇ ನೀರು ಇಳಿಸಿ. ಬಿಸಿ ಗಾಜು ಹೊರಗೆ ಬಂದರೆ ಸೀಳುತ್ತದೆ, ಆ ಚೂರು ಹರಳುಕಲ್ಲಿನಲ್ಲಿ ಕಲೆತು ಮುಂದಿನ ವಾರ ನಿಮ್ಮ ಬೆರಳಿಗೇ ಸಿಗುತ್ತದೆ. ಮನೆಯ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಹಾಕಿಸಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಕೈಗವಸಿಗಿಂತ ಮೊದಲು ಖರ್ಚು ಮಾಡಬೇಕಾದದ್ದು ಅದಕ್ಕೆ.

ಹಂತ 6: ಹಾಕಿಕೊಳ್ಳುವ ಕ್ರಮ

ಕೈ ಪೂರ್ತಿ ಒಣಗಿರಲಿ. ಹಾಕಿಕೊಂಡ ಮೇಲೆ ಬೆರಳ ಸಂದುಗಳನ್ನು ಒತ್ತಿ ತುದಿಯಲ್ಲಿ ಗಾಳಿ ಉಳಿಯದಂತೆ ಮಾಡಿ, ಇಲ್ಲದಿದ್ದರೆ ಹರಳುಕಲ್ಲಿಗೆ ಸಿಕ್ಕಿ ಹರಿಯುತ್ತದೆ. ಉದ್ದ ಕೈಗವಸಿನ ಬಾಯಂಚನ್ನು ಎರಡು ಬೆರಳು ಅಗಲ ಹೊರಕ್ಕೆ ಮಡಚಿ. ಕೈ ಮೇಲೆತ್ತಿದಾಗ ಇಳಿದು ಬರುವ ನೀರು ತೋಳಿಗೆ ಹರಿಯದೆ ಆ ಮಡಿಕೆಯಲ್ಲಿ ನಿಲ್ಲುತ್ತದೆ, ನಮ್ಮ ಮಾಳಿಗೆ ಮನೆಗಳ ದೋಣಿಯಂತೆ. ಮಡಿಕೆಯ ಕೆಳಗೆ ಅಗಲವಾದ ಎಲಾಸ್ಟಿಕ್ ಪಟ್ಟಿ ಹಾಕಬಹುದು. ಬೆರಳು ಜುಮುಗುಟ್ಟಿದರೆ ಬಿಗಿಯಾಯಿತು ಎಂದರ್ಥ. ಕೊನೆಗೆ ಕೈಗವಸು ಹಾಕಿದ ಕೈಯನ್ನು ಬರೀ ನೀರಿನಲ್ಲಿ ಒಮ್ಮೆ ಜಾಲಿಸಿ, ತಯಾರಿಕೆಯ ಜಿಡ್ಡು ಹೋಗಲಿ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಒಂದೆರಡು ಹನಿಗೆ ಏನೂ ಆಗುವುದಿಲ್ಲ, ಆದರೂ ಕೊಡವಿಕೊಳ್ಳಿ.

ಹಂತ 7: ಒಳಗಿನ ಕೆಲಸ

ಕೈ ಹೆಚ್ಚು ಮುಳುಗದ ಕೆಲಸ ಮೊದಲು. ಗಾಜಿನ ಪಾಚಿಯನ್ನು ಉದ್ದ ಹಿಡಿಯ ಉಜ್ಜುಗದಿಂದ ಕೆರೆಯಿರಿ. ಸವಳು ನೀರಿನ ಮನೆಗಳಲ್ಲಿ ನೀರಿನ ಮಟ್ಟದ ಗೆರೆಯಗುಂಟ ಬಿಳಿ ಹೊರೆ ಕಟ್ಟಿರುತ್ತದೆ. ಉಗುರಿನಿಂದ ಕೀಳಲು ಹೋದರೆ ಕೈಗವಸೂ ಹರಿಯುತ್ತದೆ, ಉಗುರೂ. ನೀರನ್ನು ನಾಲ್ಕು ಬೆರಳು ಇಳಿಸಿ, ಹಿಂಡಿಟ್ಟ ನಿಂಬೆಯ ಅದೇ ಹೋಳಿನಿಂದ ಉಜ್ಜಿ, ಹತ್ತು ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ರಸ ತೊಟ್ಟಿಗೆ ಇಳಿಯಬಾರದು.

ಆಮೇಲೆ ಸೈಫನ್, ಅಂದರೆ ಪೈಪಿನಿಂದ ತೊಟ್ಟಿಯ ನೀರು ಇಳಿಸುವುದು. ಪೈಪನ್ನು ಬಾಯಿಯಿಂದ ಎಳೆಯುವವರು ಇಂದಿಗೂ ಇದ್ದಾರೆ. ಕೈಗೆ ಕೈಗವಸು, ಬಾಯಿಗೆ ತೊಟ್ಟಿನೀರು! ಪೈಪನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ತುಂಬಿಸಿ, ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಕೆಳಗಿನ ಬಕೆಟ್ಟಿಗೆ ತಂದು ಬಿಟ್ಟರೆ ತಾನೇ ಹರಿಯುತ್ತದೆ. ಫಿಲ್ಟರಿನ ಸ್ಪಂಜನ್ನು ಇಳಿಸಿದ ಆ ನೀರಿನಲ್ಲೇ ಹಿಂಡಿ, ನಳದ ಕೆಳಗೆ ಬೇಡ. ಉಪಕಾರಿ ಸೂಕ್ಷ್ಮಾಣುಗಳು ಕ್ಲೋರಿನ್‌ಗೆ ಸಾಯುತ್ತವೆ. ಕೈಗವಸು ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಈ ಗಳಿಗೆಯಲ್ಲಿ: ಕೊಳೆ ಸಾಂದ್ರವಾಗಿರುವುದು ಸ್ಪಂಜಿನಲ್ಲಿ, ಫಿಲ್ಟರಿನ ಪ್ಲಾಸ್ಟಿಕ್ ಅಂಚುಗಳು ಹರಿತವಾಗಿರುವುದೂ ಅಲ್ಲಿಯೇ.

ನಡುವೆ ಮೊಬೈಲ್ ಬಡಿದುಕೊಳ್ಳುತ್ತದೆ. ಬಡಿದುಕೊಳ್ಳಲಿ. ಮುಖ, ಬಾಗಿಲ ಚಿಲಕ, ಸ್ವಿಚ್ಚು ಯಾವುದನ್ನೂ ಮುಟ್ಟಬೇಡಿ. ಬೆರಳ ತುದಿಯಲ್ಲಿ ತಂಪು ಒದ್ದೆಯ ಅನುಭವವಾದರೆ ಅದು ಬೆವರೋ ನೀರೋ ಎಂದು ಚರ್ಚಿಸುತ್ತ ಕೂರದೆ ಕೈ ತೆಗೆಯಿರಿ. ಕೈಗವಸು ಕಳಚಿ, ಕೈ ಸೋಪಿನಲ್ಲಿ ತೊಳೆದು ಒಣಗಿಸಿ, ಬೇರೆಯದನ್ನು ಹಾಕಿಕೊಳ್ಳಿ. ಏಪ್ರಿಲ್ ಮೇ ತಿಂಗಳಲ್ಲಿ ಬೆವರೇ ಚಮಚೆಗಟ್ಟಲೆ ಇಳಿಯುತ್ತದೆ, ಆಗ 20 ನಿಮಿಷಕ್ಕೊಮ್ಮೆ ಬಿಡುವು ಕೊಡಿ.

ಹಂತ 8: ಕಳಚುವುದು, ತೊಳೆಯುವುದು

ಬಳಸಿ ಎಸೆಯುವುದಾದರೆ ಒಂದು ಕೈಯ ಮಣಿಕಟ್ಟಿನ ಹೊರಮೈಯನ್ನು ಚಿವುಟಿ ಹಿಡಿದು ಒಳಮೈ ಹೊರಗಾಗುವಂತೆ ಸುಲಿಯಿರಿ, ಅದನ್ನು ಇನ್ನೊಂದು ಮುಷ್ಟಿಯಲ್ಲಿ ಮುದ್ದೆ ಮಾಡಿ ಹಿಡಿಯಿರಿ, ಬರಿಗೈ ಬೆರಳನ್ನು ಎರಡನೆಯದರ ಒಳಗೆ ತೂರಿಸಿ ಅದನ್ನೂ ಹಾಗೆಯೇ ಮಗುಚಿ. ಮತ್ತೆ ಬಳಸುವಂಥದ್ದಾದರೆ ಕೈಯಲ್ಲಿರುವಾಗಲೇ ಹೊರಮೈಗೆ ಸೋಪು ಹಚ್ಚಿ ತೊಳೆದು, ಜಾರುವಿಕೆ ಹೋಗುವವರೆಗೆ ಜಾಲಿಸಿ, ಆಮೇಲೆ ಕಳಚಿ. ಈ ತೊಳೆಯುವಿಕೆ ಬಚ್ಚಲಲ್ಲಿ ನಡೆಯಲಿ, ಅಡುಗೆಮನೆಯ ಸಿಂಕಿನಲ್ಲಲ್ಲ. ಕೈಗವಸು ಹಾಕಿದ್ದರೂ ಕೈಯನ್ನು 20 ಸೆಕೆಂಡು ಸೋಪಿನಲ್ಲಿ ತೊಳೆಯಲೇಬೇಕು. ನಮ್ಮಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು ಬರಿಗೈಯಲ್ಲೇ ಅಲ್ಲವೇ? ತೊಳೆದ ಮೇಲೆ ಕೊಬ್ಬರಿ ಎಣ್ಣೆ.

ಒಣಗಿಸುವುದು ನೆರಳಿನಲ್ಲಿ, ಒಳಮೈ ಹೊರಗೆ ಮಾಡಿ. ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರು ಒಂದೇ ತಿಂಗಳಲ್ಲಿ ಸೀಳು ಬಿಡುತ್ತದೆ. ಬೇರೆ ಮೊಳೆಗೆ ನೇತು ಹಾಕಿ, ಅಂಚಿನ ಮೇಲೆ ಅಳಿಸದ ಪೆನ್ನಿನಿಂದ ‘ಮೀನು’ ಎಂದು ಬರೆಯಿರಿ. ಹೀಗೆ ಬರೆಯದಿದ್ದಾಗ ನನ್ನದೊಂದು ಜೊತೆ ಆಸಿಡ್ ಹಾಕಿ ಬಚ್ಚಲು ತಿಕ್ಕಲು ಹೋಗಿ ಬಂದಿತ್ತು.

ಚುಚ್ಚಿದರೆ, ತರಚಿದರೆ

ಕೆಲಸ ಅಲ್ಲಿಗೇ ನಿಲ್ಲಿಸಿ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ಚೆನ್ನಾಗಿ ತೊಳೆದು ನಂಜುನಿರೋಧಕ ಹಚ್ಚಿ. ಕ್ಯಾಟ್‌ಫಿಶ್ ಮುಳ್ಳು ಚುಚ್ಚಿ ಉರಿ ಏರುತ್ತಿದ್ದರೆ ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಅದ್ದಿಡಿ. ಆ ನಂಜು ಶಾಖಕ್ಕೆ ಮುರಿಯುತ್ತದೆ. ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿಕೊಳ್ಳಿ, ಚುಚ್ಚಿದ ಕೈಗೆ ಸುಡುವುದು ತಿಳಿಯದೆ ಹೋಗಬಹುದು. ಮುಳ್ಳು ಒಳಗೆ ಮುರಿದಿದ್ದರೆ, ಕೆಂಪು ಮೇಲೇರುತ್ತಿದ್ದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ಎಂದೂ ಕೇಳಿ.

ಗಾಯ ಮಾಯ್ದರೂ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು ಹಾಕಿಡಿ. ಗಂಟು ಏಳುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ. ಎದ್ದರೆ ವೈದ್ಯರ ಮುಂದೆ ಕೂರುತ್ತಲೇ ಮೀನು ಸಾಕಿರುವ ಸಂಗತಿ ಹೇಳಿ. ಚೂರು ಚರ್ಮ ತೆಗೆದು ಪ್ರಯೋಗಾಲಯಕ್ಕೆ ಕಳಿಸುವಾಗ ಆ ಮಾತು ಚೀಟಿಯ ಮೇಲೂ ಇರಬೇಕು. ಏಕೆಂದರೆ ಮಾದರಿಗಳನ್ನು ಸಾಮಾನ್ಯವಾಗಿ 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಈ ಸೂಕ್ಷ್ಮಾಣು ಅಷ್ಟು ಶಾಖದಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಸುಮಾರು 30 ಡಿಗ್ರಿ, ವಾರಗಟ್ಟಲೆ ಸಮಯ. ಹೇಳದಿದ್ದರೆ ‘ಏನೂ ಇಲ್ಲ’ ಎಂಬ ವರದಿ ಬರಬಹುದು.